ಪರದೇಶದ ಡಾಕ್ಟರೇಟು, ನಮ್ಮೂರ ಶಾಲೆ

ಓದುವುದಕ್ಕಾಗಿ ಪರದೇಶಕ್ಕೆ ಹೋಗುವವರ ಲೆಕ್ಕ ಪ್ರತಿವರ್ಷವೂ ಪತ್ರಿಕೆಗಳಲ್ಲಿ ದಪ್ಪಕ್ಷರಗಳಲ್ಲಿ ಬರುತ್ತದೆ. 2023-24ರಲ್ಲಿ ಅಮೆರಿಕ ಒಂದರಲ್ಲೇ ಭಾರತದ 3,31,602 ವಿದ್ಯಾರ್ಥಿಗಳಿದ್ದರು. 2009ರಿಂದೀಚೆಗೆ ಮೊದಲ ಸಲ ನಾವು ಚೀನಾವನ್ನು ಹಿಂದೆ ಹಾಕಿದೆವೆಂದು ಹೆಮ್ಮೆಪಟ್ಟವರೂ ಉಂಟು. ಇವರಲ್ಲಿ ಬಹುಪಾಲು ಜನ ಕಂಪ್ಯೂಟರು, ಇಂಜಿನಿಯರಿಂಗು, ವ್ಯಾಪಾರಗಳನ್ನು ಓದುವವರು. ಶಿಕ್ಷಣಶಾಸ್ತ್ರವನ್ನು ಓದಲೆಂದು ಹೋಗುವವರು ಎಷ್ಟು ಮಂದಿ? ಅಮೆರಿಕದಲ್ಲಿರುವ ಎಲ್ಲ ದೇಶಗಳ ವಿದ್ಯಾರ್ಥಿಗಳನ್ನು ಒಟ್ಟು ಹಿಡಿದರೂ ನೂರಕ್ಕೆ ಇಬ್ಬರಿಗಿಂತ ಕಡಮೆ. ಈ ಹಿಡಿಯಷ್ಟು ಜನರ ಬಗ್ಗೆ ಯಾರೂ ಸಂಪಾದಕೀಯ ಬರೆಯುವುದಿಲ್ಲ. ನಾವು ಬರೆಯಬೇಕೆಂದಿದ್ದೇವೆ.

ಜಿಲ್ಲೆಯ ಪತ್ರಿಕೆಗೆ ಈ ಊರ ಹೊರಗಣ ಚಿಂತೆ ಏಕೆ ಎಂದು ವಾಚಕರು ಕೇಳಬಹುದು. ಇಂಜಿನಿಯರನ ಮಹಾಪ್ರಬಂಧ ಹೆಚ್ಚೆಂದರೆ ಒಂದು ಕಂಪೆನಿಯ ಕಪಾಟಿಗೆ ಹೋಗುತ್ತದೆ. ಶಿಕ್ಷಣದಲ್ಲಿ ಡಾಕ್ಟರೇಟು ಪಡೆದು ಬಂದವರು ಅಧ್ಯಾಪಕರ ತರಬೇತಿ ಕಾಲೇಜಿನಲ್ಲಿ, ಪಠ್ಯಕ್ರಮ ಸಮಿತಿಯಲ್ಲಿ, ಪರೀಕ್ಷಾ ಮಂಡಲಿಯಲ್ಲಿ ಕೂರುತ್ತಾರೆ. ಅವರು ನ್ಯೂಯಾರ್ಕಿನಲ್ಲಿಯೋ ಲಂಡನ್ನಿನಲ್ಲಿಯೋ ಕಲಿತ ಮಾತು ಹತ್ತು ವರ್ಷಗಳ ತರುವಾಯ ಸುತ್ತೋಲೆಯಾಗಿ, ತರಬೇತಿಯ ಕೈಪಿಡಿಯಾಗಿ, ಪ್ರಶ್ನೆಪತ್ರಿಕೆಯ ನಮೂನೆಯಾಗಿ ಹೋಬಳಿಯ ಶಾಲೆಗೆ ಬಂದು ಮುಟ್ಟುತ್ತದೆ. ಅದನ್ನು ಪಾಲಿಸಬೇಕಾದ ಮೇಷ್ಟ್ರಿಗೆ ಆ ಮಾತು ಎಲ್ಲಿ ಹುಟ್ಟಿತು, ಯಾರ ಮಕ್ಕಳನ್ನು ನೋಡಿ ಹುಟ್ಟಿತು ಎಂಬುದು ತಿಳಿಯದು. ಆದುದರಿಂದ ಆ ಪ್ರಬಂಧಗಳು ಯಾವ ವಿಷಯವನ್ನು ಹಿಡಿಯುತ್ತವೆ, ಯಾವುದನ್ನು ಬಿಡುತ್ತವೆ ಎಂದು ವಿಚಾರಿಸುವುದು ಪಂಡಿತರಿಗೆ ಮಾತ್ರ ಬಿಟ್ಟ ಕೆಲಸವಲ್ಲ.

ಈ ಬಗೆಯ ವಿದ್ಯಾರ್ಥಿಗಳ ಚರಿತ್ರೆಯಲ್ಲಿ ಮೊದಲು ಹೇಳಬೇಕಾದುದು ಚೀನೀಯರ ಕಥೆ. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಟೀಚರ್ಸ್ ಕಾಲೇಜಿಗೆ ಕಳೆದ ಶತಮಾನದ ಎರಡನೆಯ ದಶಕದಿಂದ ಚೀನೀ ಯುವಕರು ಸಾಲುಸಾಲಾಗಿ ಬಂದರು. ಗುವೋ ಬಿಂಗ್‌ವೆನ್ 1914ರಲ್ಲಿ ಅಲ್ಲಿ ಡಾಕ್ಟರೇಟು ಪಡೆದರು. ಅವರ ಪ್ರಬಂಧದ ವಿಷಯ ಚೀನಾದ ಸಾರ್ವಜನಿಕ ಶಿಕ್ಷಣ ವ್ಯವಸ್ಥೆ. ಜಿಯಾಂಗ್ ಮೆಂಗ್ಲಿನ್ 1917ರಲ್ಲಿ ಚೀನೀ ಶಿಕ್ಷಣ ತತ್ವಗಳನ್ನು ಕುರಿತು ಬರೆದರು. ಮುಂದೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಉಪಾಧ್ಯಕ್ಷರಾಗಿ 1948ರ ಘೋಷಣೆಯನ್ನು ರೂಪಿಸಲು ದುಡಿದ ಜಾಂಗ್ ಪೆಂಗ್‌ಚುನ್ ಕೂಡ ಅಲ್ಲಿಯೇ ಚೀನಾವನ್ನು ಆಧುನಿಕಗೊಳಿಸುವ ಶಿಕ್ಷಣವನ್ನು ವಿಷಯವಾಗಿ ಹಿಡಿದವರು. ಮೊದಲ ಪೀಳಿಗೆಯ ಪ್ರಬಂಧಗಳ ಜಾಡು ಇದರಿಂದಲೇ ಕಾಣುತ್ತದೆ: ಒಬ್ಬ ವಿದ್ಯಾರ್ಥಿ, ಒಂದು ಇಡೀ ದೇಶ. ಮಾಡುವ ಕೆಲಸ ದೊಡ್ಡದು, ಭಾವನೆ ಉದಾತ್ತವಾದುದು. ಆದರೆ ಪುಸ್ತಕಗಳಿದ್ದದ್ದು ನ್ಯೂಯಾರ್ಕಿನ ಗ್ರಂಥಾಲಯದಲ್ಲಿ, ಓದಿ ಒಪ್ಪಬೇಕಾದವರು ನ್ಯೂಯಾರ್ಕಿನ ಪ್ರಾಧ್ಯಾಪಕರು. ಹೆನಾನ್ ಪ್ರಾಂತದ ಹಳ್ಳಿಯ ಮಗು ಆ ಪುಟಗಳೊಳಕ್ಕೆ ಬರುವ ದಾರಿಯೇ ಇರಲಿಲ್ಲ.

ಗುವೋ ನಾನ್‌ಜಿಂಗಿನ ವಿಶ್ವವಿದ್ಯಾನಿಲಯಕ್ಕೆ ಅಧ್ಯಕ್ಷರಾದರು. ಜಿಯಾಂಗ್ ಪೀಕಿಂಗ್ ವಿಶ್ವವಿದ್ಯಾನಿಲಯದ ಅಧ್ಯಕ್ಷರೂ ದೇಶದ ಶಿಕ್ಷಣ ಮಂತ್ರಿಗಳೂ ಆದರು. 1922ರಲ್ಲಿ ಚೀನಾದ ಶಾಲಾ ವ್ಯವಸ್ಥೆಯನ್ನು ಅಮೆರಿಕದ ಮಾದರಿಯಂತೆ ಆರು, ಮೂರು, ಮೂರು ವರ್ಷಗಳಾಗಿ ವಿಂಗಡಿಸಿದಾಗ ಪರದೇಶದಲ್ಲಿ ಓದಿ ಬಂದವರ ಕೈ ಅದರಲ್ಲಿ ದೊಡ್ಡದಾಗಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ರಾಷ್ಟ್ರಸಂಘವು ಕಳುಹಿಸಿದ ತಜ್ಞರ ತಂಡವೊಂದು ಚೀನಾದ ಶಾಲೆಗಳನ್ನು ನೋಡಿ 1932ರಲ್ಲಿ ವರದಿ ಕೊಟ್ಟಿತು. ಇಂಗ್ಲೆಂಡಿನ ಸಮಾಜವಾದಿ ಚರಿತ್ರಕಾರ ಟಾನಿ ಆ ತಂಡದಲ್ಲಿದ್ದರು. ಅಮೆರಿಕದ ಹೊರರೂಪವನ್ನು ಹಾಗೆಯೇ ತಂದಿಟ್ಟುಕೊಂಡಿದ್ದಾರೆ. ಮೇಲಿನ ಶಿಕ್ಷಣಕ್ಕೆ ಹಣವಿದೆ, ಕೆಳಗಿನ ಶಾಲೆಗೆ ಇಲ್ಲ. ಓದಿದವರಿಗೂ ಜನಸಾಮಾನ್ಯರಿಗೂ ನಡುವೆ ಕಂದಕ ಬಿದ್ದಿದೆ ಎಂಬುದು ಆ ವರದಿಯ ಟೀಕೆ. ತಂಡದಲ್ಲಿದ್ದವರೆಲ್ಲ ಯೂರೋಪಿನವರು, ಅಮೆರಿಕದ ಮೇಲೆ ಅವರಿಗೊಂದು ಅಸಹನೆ ಇದ್ದೀತು ಎಂದು ಕಳೆದರೂ ಟೀಕೆಯ ತಿರುಳು ಉಳಿಯುತ್ತದೆ.

ಇದೇ ಕಾಲೇಜಿನಲ್ಲಿ ಅದೇ ವರ್ಷಗಳಲ್ಲಿ ಓದಿದ ಇನ್ನೊಬ್ಬನಿದ್ದ, ತಾವೋ ಶಿಂಗ್‌ಝಿ. 1915ರಲ್ಲಿ ಸೇರಿ 1917ರಲ್ಲಿ ಊರಿಗೆ ಮರಳಿದ ಈತ ಡಾಕ್ಟರೇಟಿನ ಪ್ರಬಂಧವನ್ನು ಮುಗಿಸಲೇ ಇಲ್ಲ. ಜಾನ್ ಡ್ಯೂಯಿಯ ವಿಚಾರಗಳನ್ನು ತಲೆಯಲ್ಲಿ ಹೊತ್ತು ಬಂದವನಿಗೆ ಕೆಲವೇ ವರ್ಷಗಳಲ್ಲಿ ಆ ವಿಚಾರ ಚೀನಾದ ಹಳ್ಳಿಯಲ್ಲಿ ಹಾಗೆಯೇ ನಡೆಯದು ಎಂದು ಕಂಡಿತು. ಶಿಕ್ಷಣವೇ ಜೀವನ ಎಂದಿದ್ದರು ಡ್ಯೂಯಿ. ಈತ ಅದನ್ನು ತಿರುಗಿಸಿ ಜೀವನವೇ ಶಿಕ್ಷಣ ಎಂದ. ಶಾಲೆಗೆ ಬರಲಾಗದ ಜನ ಕೋಟಿಗಟ್ಟಲೆ ಇರುವ ನಾಡಿನಲ್ಲಿ ಈ ತಿರುವು ಬರಿಯ ಮಾತಿನ ಚಮತ್ಕಾರವಲ್ಲ. 1927ರಲ್ಲಿ ನಾನ್‌ಜಿಂಗಿನ ಹೊರವಲಯದ ಶಿಯಾವೋಝುವಾಂಗ್ ಎಂಬಲ್ಲಿ ಹಳ್ಳಿಯ ಅಧ್ಯಾಪಕರನ್ನು ತಯಾರು ಮಾಡುವ ಶಾಲೆ ತೆರೆದ. ಅಲ್ಲಿ ಕಲಿಯುವವರು ಗದ್ದೆ ಉಳಬೇಕು, ಅಡಿಗೆ ಮಾಡಬೇಕು, ರೈತರ ನಡುವೆ ಇರಬೇಕು. ಇವತ್ತು ನಾಲ್ಕಕ್ಷರ ಕಲಿತ ಹುಡುಗ ನಾಳೆ ಮನೆಯವರಿಗೆ ಕಲಿಸಬೇಕೆಂಬ ಪುಟ್ಟ ಗುರುಗಳ ಪದ್ಧತಿಯನ್ನು ಮುಂದೆ ಹೂಡಿದವನೂ ಈತನೇ. ಚಿಯಾಂಗ್ ಕೈಶೇಕರ ಸರ್ಕಾರ 1930ರಲ್ಲಿ ಶಾಲೆಯನ್ನು ಮುಚ್ಚಿಸಿತು. ಈತ 1946ರಲ್ಲಿ ತೀರಿಕೊಂಡ. 1951ರಲ್ಲಿ ಮಾವೋ ಸರ್ಕಾರದ ಕಾಲದಲ್ಲಿ ಈತನ ವಿಚಾರಗಳೂ ಖಂಡನೆಗೆ ಗುರಿಯಾದವು. ಎರಡೂ ಕಡೆಯ ಸರ್ಕಾರಗಳಿಗೆ ಬೇಡವಾದವನು ಎಂದರೆ ಏನೋ ಸರಿಯಾದದ್ದನ್ನೇ ಮಾಡುತ್ತಿದ್ದ ಎಂದು ನಮಗೆ ಅನ್ನಿಸುತ್ತದೆ. ಮೊದಲು ಈತ ತನ್ನ ಹೆಸರನ್ನು ಝಿಶಿಂಗ್ ಎಂದು ಇಟ್ಟುಕೊಂಡಿದ್ದ. ಅರಿವು ಮೊದಲು, ಮಾಡುವುದು ಆಮೇಲೆ ಎಂದು ಅದರ ಅರ್ಥ. 1934ರಲ್ಲಿ ಅಕ್ಷರಗಳನ್ನು ಹಿಂದುಮುಂದು ಮಾಡಿ ಶಿಂಗ್‌ಝಿ ಆದ: ಮಾಡು, ಆಗ ಅರಿಯುವೆ.

ಡಾಕ್ಟರೇಟು ಪಡೆದವರೆಲ್ಲ ಅನುಕರಣೆಗೆ ಬಿದ್ದರು, ಪಡೆಯದವನೊಬ್ಬ ಗೆದ್ದ ಎಂದು ಇದರಿಂದ ತೀರ್ಮಾನಿಸುವುದು ಅನ್ಯಾಯ. ಪ್ರಬಂಧವನ್ನೂ ಮುಗಿಸಿ, ಊರಿಗೂ ಮರಳಿ, ಊರಿನ ಪ್ರಶ್ನೆಯನ್ನೂ ಕೈಗೆತ್ತಿಕೊಂಡವರಿದ್ದಾರೆ. ನೈಜೀರಿಯದ ಬಾಬಟುಂಡೆ ಫಾಫುನ್ವ ಅಂಥವರಲ್ಲಿ ಒಬ್ಬರು. 1955ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಿಂದ ಶಿಕ್ಷಣದಲ್ಲಿ ಡಾಕ್ಟರೇಟು ಪಡೆದ ಇವರು ಆ ಪದವಿ ಪಡೆದ ಮೊದಲ ನೈಜೀರಿಯನ್. ಆಗಿನ್ನೂ ಅವರ ದೇಶಕ್ಕೆ ಸ್ವಾತಂತ್ರ್ಯ ಬಂದಿರಲಿಲ್ಲ. ಅದು ಬಂದದ್ದು 1960ರಲ್ಲಿ. ಪ್ರಬಂಧದ ವಿಷಯ ನೈಜೀರಿಯದ ಉನ್ನತ ಶಿಕ್ಷಣದ ಚರಿತ್ರೆ, ಎಂದರೆ ಚೀನೀಯರು ಹಿಡಿದ ಹಳೆಯ ಜಾಡೇ. ಅವರ ನಿಜವಾದ ಸಂಶೋಧನೆ ನಡೆದದ್ದು ಆಮೇಲೆ.

1970ರಲ್ಲಿ ಇಫೆ ವಿಶ್ವವಿದ್ಯಾನಿಲಯದಲ್ಲಿದ್ದುಕೊಂಡು ಫಾಫುನ್ವ ಮತ್ತು ಅವರ ಸಂಗಡಿಗರು ಒಂದು ಪ್ರಾಥಮಿಕ ಶಾಲೆಯಲ್ಲಿ ಪ್ರಯೋಗ ಹೂಡಿದರು. ಒಂದು ಗುಂಪಿನ ಮಕ್ಕಳಿಗೆ ಆರು ವರ್ಷವೂ ಎಲ್ಲ ವಿಷಯಗಳನ್ನೂ ಅವರ ಮನೆಮಾತಾದ ಯೊರುಬದಲ್ಲೇ ಕಲಿಸುವುದು, ಇಂಗ್ಲಿಷನ್ನು ಬೇರೆಯೊಂದು ಭಾಷೆಯಾಗಿ ಚೆನ್ನಾಗಿ ಬಲ್ಲ ಅಧ್ಯಾಪಕರಿಂದ ಕಲಿಸುವುದು. ಇನ್ನೊಂದು ಗುಂಪಿಗೆ ರೂಢಿಯಂತೆ ಮೂರು ವರ್ಷ ಯೊರುಬ, ಆಮೇಲೆ ಎಲ್ಲವೂ ಇಂಗ್ಲಿಷು. ಗಣಿತ, ವಿಜ್ಞಾನ, ಸಮಾಜ ಪಾಠಗಳಿಗೆ ಯೊರುಬದಲ್ಲಿ ಪುಸ್ತಕಗಳೇ ಇರಲಿಲ್ಲ. ಅವನ್ನು ಬರೆಯಬೇಕಾಯಿತು, ಪದಗಳನ್ನು ಹುಡುಕಬೇಕಾಯಿತು. ಆರು ವರ್ಷ ಮನೆಮಾತಿನಲ್ಲಿ ಕಲಿತವರು ಉಳಿದ ವಿಷಯಗಳಲ್ಲಿ ಮುಂದಿದ್ದರು. ಎಲ್ಲರೂ ಹೆದರಿದ್ದ ಇಂಗ್ಲಿಷಿನಲ್ಲಿಯೂ ಹಿಂದೆ ಬೀಳಲಿಲ್ಲ. ಹಣ ಕೊಟ್ಟದ್ದು ಅಮೆರಿಕದ ಫೋರ್ಡ್ ಪ್ರತಿಷ್ಠಾನ ಎಂಬುದನ್ನೂ ಹೇಳಿಬಿಡಬೇಕು. ಹಣ ಎಲ್ಲಿಂದ ಬಂತು ಎನ್ನುವುದಕ್ಕಿಂತ ಪ್ರಶ್ನೆ ಎಲ್ಲಿಂದ ಬಂತು ಎನ್ನುವುದು ಈ ಪ್ರಕರಣದಲ್ಲಿ ಮುಖ್ಯ. ಪ್ರಶ್ನೆ ಆ ಊರಿನದು.

1990ರಿಂದ 1992ರವರೆಗೆ ಫಾಫುನ್ವ ಶಿಕ್ಷಣ ಮಂತ್ರಿಗಳೂ ಆದರು, 2010ರಲ್ಲಿ ಕಾಲವಾದರು. 2022ರಲ್ಲಿ ನೈಜೀರಿಯ ಸರ್ಕಾರ ಮೊದಲ ಆರು ವರ್ಷ ಮನೆಮಾತಿನ ಶಿಕ್ಷಣವೆಂಬ ನೀತಿಯನ್ನು ಒಪ್ಪಿತು. 2025ರ ನವೆಂಬರಿನಲ್ಲಿ ಅದೇ ದೇಶದ ಸರ್ಕಾರ ಅದನ್ನು ಕೈಬಿಟ್ಟು ಇಂಗ್ಲಿಷನ್ನೇ ಬೋಧನೆಯ ಭಾಷೆಯೆಂದು ಸಾರಿತು. ಕನ್ನಡಿಗರಿಗೆ ಈ ಕಥೆ ಹೊಸದಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಕಡ್ಡಾಯ ಮಾಡಿದ ನಮ್ಮ ರಾಜ್ಯದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2014ರ ಮೇ ತಿಂಗಳಲ್ಲಿ ತಳ್ಳಿಹಾಕಿತು. 2019ರಲ್ಲಿ ನಮ್ಮ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಹೊರಟಿತು. ನ್ಯಾಯಾಲಯದಲ್ಲಿಯೂ ವಿಧಾನಸಭೆಯಲ್ಲಿಯೂ ಈ ವಾದ ನಡೆದಾಗ ನಮ್ಮ ಕೈಯಲ್ಲಿ ಭಾವನೆ ಇತ್ತು, ಸಂವಿಧಾನದ ವಿಧಿಗಳಿದ್ದವು. ಇಫೆಯಲ್ಲಿ ಮಾಡಿದಂತೆ ಆರು ವರ್ಷ ಒಂದೇ ಮಕ್ಕಳ ಬೆನ್ನುಹತ್ತಿ ನೋಡಿ, ಇಗೋ ನೋಡಿ ಎಂದು ಮುಂದಿಡಬಲ್ಲ ನಮ್ಮದೇ ಪ್ರಯೋಗವೊಂದು ವಾದದ ನಡುವೆ ಮೊಳಗಲಿಲ್ಲ. ಅಂಥ ಸಂಶೋಧನೆಯಿಂದ ಸರ್ಕಾರಗಳ ಮನಸ್ಸು ತಿರುಗಿಬಿಡುತ್ತದೆ ಎಂದು ನಾವು ನಂಬಿಲ್ಲ, ನೈಜೀರಿಯವೇ ಅದಕ್ಕೆ ಸಾಕ್ಷಿ. ಆದರೂ ಹೋರಾಡುವವನ ಕೈಯಲ್ಲಿ ಅದು ಇರತಕ್ಕದ್ದು.

ನಮ್ಮ ದೇಶಕ್ಕೆ ಪರದೇಶದ ಶಿಕ್ಷಣಶಾಸ್ತ್ರ ಬಂದ ದಾರಿ ಚೀನಾದ ದಾರಿಗಿಂತ ಸ್ವಲ್ಪ ಬೇರೆ. ಷಿಕಾಗೋದ ಪ್ರಾಧ್ಯಾಪಕ ಬೆಂಜಮಿನ್ ಬ್ಲೂಮ್ 1957-58ರ ಸುಮಾರಿಗೆ ಇಲ್ಲಿಗೇ ಬಂದು ಪರೀಕ್ಷಾ ಸುಧಾರಣೆಯ ಕಮ್ಮಟಗಳನ್ನು ನಡೆಸಿದರು. ನಮ್ಮವರು ಕೆಲವರು ಷಿಕಾಗೋಗೆ ಹೋಗಿ ತರಬೇತಿ ಪಡೆದು ಬಂದರು. 1963ರಲ್ಲಿ ಮೈಸೂರೂ ಸೇರಿ ನಾಲ್ಕು ಊರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಎದ್ದಾಗ ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾನಿಲಯದ ನೆರವಿತ್ತು. ಮೈಸೂರಿನ ಆ ಕಾಲೇಜು ಅನೇಕ ಒಳ್ಳೆಯ ಅಧ್ಯಾಪಕರನ್ನು ಕೊಟ್ಟಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಬ್ಲೂಮರ ವರ್ಗೀಕರಣ ಇಂದು ನಮ್ಮ ಮೇಷ್ಟ್ರುಗಳ ಕೈಯಲ್ಲಿ ಏನಾಗಿದೆ? ಪಾಠಯೋಜನೆಯ ಪುಸ್ತಕದಲ್ಲಿ ಜ್ಞಾನ, ತಿಳಿವಳಿಕೆ, ಅನ್ವಯ, ಕೌಶಲ ಎಂದು ಗೆರೆ ಎಳೆದು ತುಂಬುವ ನಾಲ್ಕು ಕಲಮುಗಳಾಗಿದೆ. ಪ್ರಶ್ನೆಪತ್ರಿಕೆಗೆ ನೀಲಿನಕ್ಷೆ ಬೇಕು, ಅದರಲ್ಲಿ ಪ್ರತಿ ಕಲಮಿಗೂ ಇಷ್ಟಿಷ್ಟು ಅಂಕ. ಒಂದೇ ಕೋಣೆಯಲ್ಲಿ ಮೂರು ತರಗತಿಗಳನ್ನು ಕೂರಿಸಿಕೊಂಡು ಪಾಠ ಹೇಳುವ ಏಕೋಪಾಧ್ಯಾಯರು ಈ ಗೆರೆಗಳನ್ನು ಎಳೆಯುವುದು ತನಿಖೆಗೆ ಬರುವ ಅಧಿಕಾರಿಗಳ ಸಲುವಾಗಿ. ಮಕ್ಕಳ ಸಲುವಾಗಿ ಅಲ್ಲ. ಬ್ಲೂಮರು ಏಕೋಪಾಧ್ಯಾಯ ಶಾಲೆಯನ್ನು ಮನಸ್ಸಿನಲ್ಲಿಟ್ಟು ಬರೆದವರಲ್ಲ. ಅದು ಅವರ ತಪ್ಪೂ ಅಲ್ಲ.

ಈಗಿನ ಪ್ರಬಂಧಗಳ ಕಡೆ ತಿರುಗೋಣ. ಅಮೆರಿಕ, ಇಂಗ್ಲೆಂಡು, ಆಸ್ಟ್ರೇಲಿಯಗಳಲ್ಲಿ ಶಿಕ್ಷಣದಲ್ಲಿ ಡಾಕ್ಟರೇಟು ಮಾಡುವ ಪರದೇಶದ ವಿದ್ಯಾರ್ಥಿಗಳು ಈಚಿನ ದಶಕಗಳಲ್ಲಿ ಹೆಚ್ಚಾಗಿ ಆರಿಸಿಕೊಳ್ಳುವ ವಿಷಯಗಳನ್ನು ನೋಡಿದರೆ ಒಂದು ಜಾಡು ಎದ್ದು ಕಾಣುತ್ತದೆ. ಒಂದು ದೇಶದ ಇಡೀ ವ್ಯವಸ್ಥೆಯನ್ನು ವಿಚಾರಿಸುವ ಗುವೋ, ಫಾಫುನ್ವರ ಕಾಲದ ಎದೆಗಾರಿಕೆ ಕಡಮೆಯಾಗಿದೆ. ಇಂಗ್ಲಿಷ್ ಕಲಿಸುವ ವಿಧಾನ, ಕಂಪ್ಯೂಟರಿನ ಮೂಲಕ ಪಾಠ, ವಿಶ್ವವಿದ್ಯಾನಿಲಯಗಳ ಆಡಳಿತ, ಇವು ಒಂದು ಕಡೆ. ಇನ್ನೊಂದು ಕಡೆ, ಪರದೇಶದ ವಿದ್ಯಾರ್ಥಿ ಪರದೇಶದ ವಿದ್ಯಾರ್ಥಿಯನ್ನೇ ಕುರಿತು ಬರೆಯುವುದು: ಹೊಸ ನಾಡಿಗೆ ಒಗ್ಗಿಕೊಳ್ಳುವ ಕಷ್ಟ, ತರಗತಿಯಲ್ಲಿ ಬಾಯಿಬಿಡಲು ಅಂಜಿಕೆ, ಮಾರ್ಗದರ್ಶಕರೊಡನೆ ಸಂಬಂಧ, ಒಂಟಿತನ, ತಾನು ಯಾರೆಂಬ ತಳಮಳ. ಹತ್ತು ಹನ್ನೆರಡು ಮಂದಿ ಸ್ವದೇಶದವರನ್ನು ಕೂರಿಸಿಕೊಂಡು ಮಾತಾಡಿಸಿ, ಬರೆದುಕೊಂಡು, ಅದರಿಂದ ಮುನ್ನೂರು ಪುಟ.

ಇದನ್ನು ಗೇಲಿ ಮಾಡುವುದು ಸುಲಭ. ಕೈಯಿಕ್ಕುವ ಮೊದಲು ಆ ಹುಡುಗ ಹುಡುಗಿಯರ ಜಾಗದಲ್ಲಿ ನಿಂತು ನೋಡುವುದು ನ್ಯಾಯ. ಊರಿಗೆ ಬಂದು ವರ್ಷವಿಡೀ ಶಾಲೆಗಳಲ್ಲಿ ಕೂರಬೇಕಾದರೆ ವಿಮಾನದ ದುಡ್ಡು, ಊಟದ ದುಡ್ಡು ಯಾರು ಕೊಡುತ್ತಾರೆ? ವಿದ್ಯಾರ್ಥಿವೇತನ ಸಿಕ್ಕವರು ಅದಕ್ಕೆ ಬದಲಾಗಿ ವಿಶ್ವವಿದ್ಯಾನಿಲಯದಲ್ಲೇ ಪಾಠ ಹೇಳಬೇಕು, ಪ್ರಾಧ್ಯಾಪಕರ ಕೆಲಸ ಮಾಡಿಕೊಡಬೇಕು. ಬಿಟ್ಟು ಹೊರಟರೆ ವೇತನವೂ ಹೋಗುತ್ತದೆ. ಹೊರಟವರನ್ನು ಮತ್ತೆ ಒಳಕ್ಕೆ ಬಿಡುತ್ತಾರೆಂಬ ಭರವಸೆಯಾದರೂ ಎಲ್ಲಿದೆ? 2025ರ ಮೇ ತಿಂಗಳ ಕೊನೆಯಲ್ಲಿ ಅಮೆರಿಕ ಸರ್ಕಾರ ವಿದ್ಯಾರ್ಥಿ ವೀಸಾದ ಹೊಸ ಸಂದರ್ಶನಗಳನ್ನು ಮೂರು ವಾರ ನಿಲ್ಲಿಸಿತು. ಅದೇ ತಿಂಗಳಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಪರದೇಶದವರನ್ನು ಸೇರಿಸಿಕೊಳ್ಳುವ ಅನುಮತಿಯನ್ನೇ ಕಿತ್ತುಕೊಳ್ಳಲು ಹೊರಟಿತು, ನ್ಯಾಯಾಲಯ ತಡೆಯಬೇಕಾಯಿತು. ಇಂಥ ಕಾಲದಲ್ಲಿ ಜಾಣನಾದವನು ಊರು ಬಿಟ್ಟು ಕದಲುವುದಿಲ್ಲ, ಪಕ್ಕದ ಕೋಣೆಯವನನ್ನೇ ಸಂಶೋಧಿಸುತ್ತಾನೆ. ಮಾರ್ಗದರ್ಶಕರಿಗೆ ರಾಯಚೂರು ಎಲ್ಲಿದೆಯೆಂದು ಗೊತ್ತಿರುವುದಿಲ್ಲ, ಪರೀಕ್ಷಕರಿಗೂ ಇಲ್ಲ. ಅಲ್ಲೇ ಕೆಲಸ ಸಿಗಬೇಕೆಂದರೆ ಅಲ್ಲಿಯವರಿಗೆ ಅರ್ಥವಾಗುವ ವಿಷಯವೇ ಆಗಬೇಕು. ವಿಷಯವನ್ನು ವಿದ್ಯಾರ್ಥಿ ಆರಿಸಿದ ಎಂದು ಮೇಲೆ ಬರೆದಿರುತ್ತದೆ. ಆರಿಸಿದ್ದು ವೀಸಾ, ಆರಿಸಿದ್ದು ವಿದ್ಯಾರ್ಥಿವೇತನದ ಕರಾರು, ಆರಿಸಿದ್ದು ಕೆಲಸದ ಮಾರುಕಟ್ಟೆ.

ಪರದೇಶವೆಂದರೆ ಅಮೆರಿಕ, ಇಂಗ್ಲೆಂಡು ಮಾತ್ರವಲ್ಲ. ನಾವೂ ಯಾರಿಗೋ ಪರದೇಶ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ ಭಾರತದಲ್ಲಿ 46,878 ವಿದೇಶಿ ವಿದ್ಯಾರ್ಥಿಗಳಿದ್ದರು, ಅವರಲ್ಲಿ ನೂರಕ್ಕೆ 28 ಮಂದಿ ನೇಪಾಳದವರು. ಹಲವು ವರ್ಷ ಅತಿ ಹೆಚ್ಚು ವಿದೇಶಿ ವಿದ್ಯಾರ್ಥಿಗಳಿದ್ದ ರಾಜ್ಯ ನಮ್ಮದು. ಇರಾನಿನಿಂದ ಮೈಸೂರಿಗೆ ಬಂದು ಶಿಕ್ಷಣಶಾಸ್ತ್ರದಲ್ಲಿ, ಮನಶ್ಶಾಸ್ತ್ರದಲ್ಲಿ ಡಾಕ್ಟರೇಟು ಮಾಡಿದವರು ಈ ಶತಮಾನದ ಮೊದಲ ಎರಡು ದಶಕಗಳಲ್ಲಿ ಬಹಳ ಮಂದಿ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಯಮದಿಂದ ಪ್ರಬಂಧಗಳು ಶೋಧಗಂಗೆಯೆಂಬ ಸಾರ್ವಜನಿಕ ಭಂಡಾರಕ್ಕೆ ಸೇರತಕ್ಕದ್ದೆಂದು ಆದುದರಿಂದ ಈ ಬಗೆಯ ಪ್ರಬಂಧಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದು.

ಅಲ್ಲಿ ಒಂದು ನಮೂನೆ ಪದೇ ಪದೇ ಕಾಣುತ್ತದೆ: ಮೈಸೂರಿನ ಇಷ್ಟು ಶಾಲೆ, ಇರಾನಿನ ಒಂದು ಊರಿನ ಇಷ್ಟು ಶಾಲೆ. ಎರಡು ಕಡೆಯ ಮಕ್ಕಳಿಗೂ ಅಧ್ಯಾಪಕರಿಗೂ ಒಂದೇ ಪ್ರಶ್ನಾವಳಿ. ಪರಿಸರದ ಅರಿವು ಎಷ್ಟು, ಆತ್ಮವಿಶ್ವಾಸ ಎಷ್ಟು, ಕೆಲಸದಲ್ಲಿ ತೃಪ್ತಿ ಎಷ್ಟು ಎಂದು ಅಂಕ ಹಾಕಿ, ಸರಾಸರಿ ತೆಗೆದು, ಎರಡಕ್ಕೂ ನಡುವಣ ವ್ಯತ್ಯಾಸ ಗಣನೀಯವೋ ಅಲ್ಲವೋ ಎಂದು ಸೂತ್ರ ಹಾಕಿ ಹೇಳುವುದು. ಗಂಡು ಹೆಣ್ಣು, ಪಟ್ಟಣ ಹಳ್ಳಿ, ಸರ್ಕಾರಿ ಖಾಸಗಿ ಎಂದು ಕೋಷ್ಟಕಗಳು ಮುಂದುವರಿಯುತ್ತವೆ. ಕೆಲಸದಲ್ಲಿ ಶ್ರದ್ಧೆಯಿಲ್ಲವೆಂದು ನಾವು ಹೇಳುತ್ತಿಲ್ಲ. ದೂರದೂರಿನಿಂದ ಬಂದು, ಭಾಷೆ ಬಾರದ ನಾಡಿನಲ್ಲಿ, ಪಾರಸಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಪ್ರಶ್ನೆಗಳನ್ನು ಸಾಗಿಸಿ, ಶಾಲೆಯಿಂದ ಶಾಲೆಗೆ ಅಲೆದವರ ಕಷ್ಟ ಕಷ್ಟವೇ. ನಮ್ಮ ತಕರಾರು ಬೇರೆ. ಅದೇ ನಮೂನೆಯನ್ನು ನಮ್ಮ ಹುಡುಗರೂ ಎರಡು ತಾಲ್ಲೂಕುಗಳ ನಡುವೆ ಮಾಡುತ್ತಾರೆ. ಪಶ್ಚಿಮದಲ್ಲಿ ಪರದೇಶಿ ವಿದ್ಯಾರ್ಥಿಯನ್ನು ವೀಸಾ ಹೇಗೆ ಪಕ್ಕದ ಕೋಣೆಗೆ ಕಟ್ಟಿಹಾಕುತ್ತದೆಯೋ, ಇಲ್ಲಿ ಬಂದವರನ್ನು ಹಾಗೆಯೇ ಪ್ರಶ್ನಾವಳಿ ಕಟ್ಟಿಹಾಕುತ್ತದೆ. ಅದು ಬೇಗ ಮುಗಿಯುತ್ತದೆ, ಮಾರ್ಗದರ್ಶಕರಿಗೆ ಅಭ್ಯಾಸವಾಗಿದೆ, ಯಾರಿಗೂ ನೋಯುವುದಿಲ್ಲ. ಆ ಪಟ್ಟಣದ ಶಾಲೆಗೂ ಈ ಪಟ್ಟಣದ ಶಾಲೆಗೂ ವ್ಯತ್ಯಾಸವಿದೆ ಎಂದು ತಿಳಿದ ಮೇಲೆ ಏಕೆ ಎಂಬ ಪ್ರಶ್ನೆ ಬರಬೇಕಲ್ಲವೆ? 1979ರ ಕ್ರಾಂತಿಯ ತರುವಾಯ ಇರಾನಿನಲ್ಲಿ ಹೆಣ್ಣುಮಕ್ಕಳ ಶಾಲೆಗೆ ಏನಾಯಿತು, ಅವರಲ್ಲಿ ಸಾಕ್ಷರತೆ ಹಬ್ಬಿದ್ದು ಹೇಗೆ, ನಮ್ಮ ಕಲ್ಯಾಣ ಕರ್ನಾಟಕದ ಹೆಣ್ಣುಮಗು ಏಳನೆಯ ತರಗತಿಯ ಮೇಲೆ ಏಕೆ ನಿಲ್ಲುತ್ತಾಳೆ ಎಂದು ಎರಡು ನಾಡುಗಳನ್ನು ಬಲ್ಲವಳೊಬ್ಬಳು ಬರೆದಿದ್ದರೆ ಇಬ್ಬರಿಗೂ ಲಾಭವಾಗುತ್ತಿತ್ತು.

ಮತ್ತೊಂದು ಮಾತು. ಪ್ರಶ್ನಾವಳಿ ತುಂಬಿಕೊಟ್ಟ ಶಾಲೆಗೆ ಉತ್ತರ ಮರಳಿ ಬರುವುದಿಲ್ಲ. ಮಕ್ಕಳ ಒಂದು ಗಂಟೆ, ಮೇಷ್ಟ್ರ ಒಂದು ಗಂಟೆ ಪಡೆದು ಹೋದವರು ಏನು ಕಂಡುಹಿಡಿದರು ಎಂಬುದು ಆ ಊರಿನವರಿಗೆ ಕನ್ನಡದಲ್ಲಿ ಎಂದೂ ತಿಳಿಯುವುದಿಲ್ಲ. ಶೋಧಗಂಗೆಯಲ್ಲಿದೆ ಎಂದರೆ ಸಾಲದು. ಇಂಗ್ಲಿಷಿನ ಮುನ್ನೂರು ಪುಟ ಶಾಲಾಭಿವೃದ್ಧಿ ಸಮಿತಿಯ ರೈತನಿಗೆ ಭಂಡಾರವೂ ಒಂದೇ, ಬೀಗವೂ ಒಂದೇ.

ಈಗ ಎಲ್ಲಕ್ಕಿಂತ ಗಂಭೀರವಾದ ವಿಷಯಕ್ಕೆ ಬರುತ್ತೇವೆ. ಪರಿಶಿಷ್ಟ ಜಾತಿಯವರು, ಅಲೆಮಾರಿ ಬುಡಕಟ್ಟಿನವರು, ಭೂಮಿಯಿಲ್ಲದ ಕೃಷಿ ಕೂಲಿಕಾರರು, ಸಾಂಪ್ರದಾಯಿಕ ಕುಶಲಕರ್ಮಿಗಳು, ಇವರ ಮಕ್ಕಳು ಪರದೇಶದಲ್ಲಿ ಎಂ.ಎ., ಡಾಕ್ಟರೇಟು ಮಾಡಲೆಂದು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ. 2022ರ ಫೆಬ್ರವರಿಯಲ್ಲಿ ಸಾಮಾಜಿಕ ನ್ಯಾಯ ಮಂತ್ರಾಲಯ ಅದರ ಮಾರ್ಗಸೂಚಿಯಲ್ಲಿ ಒಂದು ವಾಕ್ಯ ಸೇರಿಸಿತು: ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಭಾರತವನ್ನು ಕುರಿತ ಸಮಾಜಾಧ್ಯಯನ, ಈ ವಿಷಯಗಳ ಸಂಶೋಧನೆಗೆ ಈ ವೇತನ ಸಿಗತಕ್ಕದ್ದಲ್ಲ. ಅಂಥ ವಿಷಯಗಳ ಸಾಮಗ್ರಿ ಭಾರತದಲ್ಲೇ ಇದೆ, ಅದಕ್ಕಾಗಿ ಹೊರಗೆ ಹೋಗಬೇಕಾಗಿಲ್ಲ ಎಂದು ಅಧಿಕಾರಿಗಳು ಪತ್ರಿಕೆಗಳಿಗೆ ಕಾರಣ ಕೊಟ್ಟರು.

ಇದರ ಅರ್ಥವೇನೆಂದು ಬಿಡಿಸಿ ನೋಡಬೇಕು. ಊರಿನ ಶಾಲೆಯಲ್ಲಿ ಬೇರೆ ಕೂತು ಬಿಸಿಯೂಟ ಮಾಡಿದ ಅನುಭವವುಳ್ಳ ಹುಡುಗಿಯೊಬ್ಬಳು ತಾನು ಕಂಡದ್ದನ್ನು ಶಾಸ್ತ್ರವಾಗಿ ವಿಚಾರಿಸಬೇಕೆಂದು ಹೊರಟರೆ ಈ ವಾಕ್ಯ ಅವಳ ಕಾಲಿಗೆ ತೊಡರುತ್ತದೆ. ಶಿಕ್ಷಣದಲ್ಲಿ ಜಾತಿ ಎಂಬ ವಿಷಯ ಭಾರತದ ಸಮಾಜಾಧ್ಯಯನವಲ್ಲದೆ ಮತ್ತೇನು? ಸಿರಿವಂತರ ಮನೆಯ ಹುಡುಗ ಅಪ್ಪನ ದುಡ್ಡಿನಿಂದ ಹೋಗಿ ಭಾರತದ ಯಾವ ವಿಷಯವನ್ನು ಬೇಕಾದರೂ ಬರೆಯಬಹುದು. ದಲಿತರ ಬಗ್ಗೆಯೂ ಬರೆಯಬಹುದು. ದಲಿತರ ಹುಡುಗಿ ಬರೆಯಬಾರದು.

ಸಾಮಗ್ರಿ ಇಲ್ಲೇ ಇದೆ ಎಂಬ ವಾದ ಸತ್ಯವಾಗಿದ್ದರೆ ಡಾಕ್ಟರ್ ಅಂಬೇಡ್ಕರರು ನ್ಯೂಯಾರ್ಕಿಗೆ ಏಕೆ ಹೋದರು? ಬರೋಡ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಕೊಲಂಬಿಯ ಸೇರಿದ ಅವರು 1916ರ ಮೇ ತಿಂಗಳಲ್ಲಿ ಅಲ್ಲಿಯ ವಿಚಾರಗೋಷ್ಠಿಯಲ್ಲಿ ಓದಿದ ಲೇಖನ ಭಾರತದ ಜಾತಿಗಳನ್ನು ಕುರಿತದ್ದು. ಡಾಕ್ಟರೇಟಿನ ಪ್ರಬಂಧ ಬ್ರಿಟಿಷ್ ಭಾರತದ ಪ್ರಾಂತ್ಯಗಳ ಹಣಕಾಸನ್ನು ಕುರಿತದ್ದು. ಲಂಡನ್ನಿನ ಪದವಿಗೆ ಬರೆದದ್ದು ರೂಪಾಯಿಯ ಸಮಸ್ಯೆ. ರಾಮಮನೋಹರ ಲೋಹಿಯಾ ಬರ್ಲಿನ್ನಿಗೆ ಹೋಗಿ 1933ರ ವೇಳೆಗೆ ಪಡೆದ ಡಾಕ್ಟರೇಟಿನ ವಿಷಯ ಭಾರತದ ಉಪ್ಪಿನ ತೆರಿಗೆ. ಜಾಕಿರ್ ಹುಸೇನರು ಅದೇ ಬರ್ಲಿನ್ನಿನಲ್ಲಿ 1926ರಲ್ಲಿ ಬ್ರಿಟಿಷ್ ಭಾರತದ ಭೂಮಿಯ ವ್ಯವಸ್ಥೆಯನ್ನು ಕುರಿತು ಡಾಕ್ಟರೇಟು ಪಡೆದು ಬಂದು, 1937ರಲ್ಲಿ ವಾರ್ಧಾದ ಮೂಲಶಿಕ್ಷಣ ಸಮಿತಿಗೆ ಅಧ್ಯಕ್ಷರಾದರು. ಉಪ್ಪಿದ್ದದ್ದು ಭಾರತದಲ್ಲಿ, ಜಾತಿ ಇದ್ದದ್ದು ಭಾರತದಲ್ಲಿ, ಭೂಮಿ ಇದ್ದದ್ದು ಭಾರತದಲ್ಲಿ. ಅದನ್ನು ಇಲ್ಲಿಯ ದೊರೆಗಳ ಹಂಗಿಲ್ಲದೆ ನೋಡುವ ಜಾಗ ಬೇರೆಡೆ ಸಿಕ್ಕಿತು. 2022ರ ಮಾರ್ಗಸೂಚಿ ಅಂದು ಇದ್ದಿದ್ದರೆ ಈ ಮೂವರ ಅರ್ಜಿಗಳೂ ವಾಪಸು ಬರುತ್ತಿದ್ದವು.

ಸರ್ಕಾರದ ದುಡ್ಡಿನಲ್ಲಿ ಪರದೇಶಕ್ಕೆ ಹೋದವರು ಊರಿಗೆ ಉಪಯೋಗವಾಗುವ ಕೆಲಸ ಮಾಡಬೇಕೆಂಬ ಮಾತನ್ನು ನಾವು ಒಪ್ಪುತ್ತೇವೆ. ಊರನ್ನು ಕುರಿತು ಬರೆಯಬಾರದೆಂದು ಕಟ್ಟುಮಾಡಿ, ಊರಿಗೆ ಉಪಯೋಗವಾಗಬೇಕೆನ್ನುವುದು ಹೇಗೆ ಸಾಧ್ಯ?

ಆ ವಾಕ್ಯ ಯಾವ ವರ್ಷದ ಮಾರ್ಗಸೂಚಿಯಲ್ಲಿಯೂ ಇರತಕ್ಕದ್ದಲ್ಲ. ಕರ್ನಾಟಕದಿಂದ ಲೋಕಸಭೆಗೆ ಆರಿಸಿ ಹೋಗಿರುವ 28 ಮಂದಿ ಸದಸ್ಯರಲ್ಲಿ ಯಾರಾದರೂ ಇದನ್ನು ಲಿಖಿತ ಪ್ರಶ್ನೆಯಾಗಿ ಕೇಳಬೇಕು: ಈ ವಾಕ್ಯದ ಕಾರಣದಿಂದ ಪ್ರತಿವರ್ಷ ತಿರಸ್ಕರಿಸಿದ ಅರ್ಜಿಗಳೆಷ್ಟು, ಅವುಗಳ ವಿಷಯಗಳೇನು? ನಮ್ಮ ರಾಜ್ಯ ಸರ್ಕಾರವೂ ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಪ್ರಬುದ್ಧ ಯೋಜನೆಯೆಂದು ಪರದೇಶದ ಓದಿಗೆ ನೆರವು ಕೊಡಲು ಹೊರಟಿರುವುದು ಸ್ವಾಗತಾರ್ಹ. ಶಿಕ್ಷಣವನ್ನು ವಿಷಯವಾಗಿ ಹಿಡಿದವರಿಗೆ ಅದರಲ್ಲಿ ಸ್ಥಾನ ಮೀಸಲಿಡಬೇಕು, ಜೊತೆಗೆ ಒಂದು ವರ್ಷ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕೂತು ಕೆಲಸ ಮಾಡುವುದಕ್ಕೆ ಬೇರೆಯಾಗಿಯೇ ಹಣ ಕೊಡಬೇಕು. ಕೊಠಾರಿ ಆಯೋಗ 1966ರಲ್ಲಿಯೇ ಸರ್ಕಾರ ಶಿಕ್ಷಣಕ್ಕೆ ಮಾಡುವ ಖರ್ಚಿನಲ್ಲಿ ನೂರಕ್ಕೆ ಒಂದು ಪಾಲು ಶಿಕ್ಷಣ ಸಂಶೋಧನೆಗೆ ಹೋಗುವಂತಾಗಬೇಕೆಂದು ಹೇಳಿತ್ತು; ಹಣವಿಲ್ಲವೆನ್ನುವವರು ಆ ಪುಟವನ್ನೊಮ್ಮೆ ತೆರೆಯಲಿ.

ನಮ್ಮ ವಿಶ್ವವಿದ್ಯಾನಿಲಯಗಳು ಮಾಡಬೇಕಾದುದಕ್ಕೆ ಹಣವೂ ಬೇಕಾಗಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಮಾಹಿತಿ ಪಡೆದ ಪ್ರತಿಯೊಂದು ಮಹಾಪ್ರಬಂಧಕ್ಕೂ, ಬರೆದವರು ಇರಾನಿನವರಾಗಲಿ ನೇಪಾಳದವರಾಗಲಿ ಹಾವೇರಿಯವರಾಗಲಿ, ಹತ್ತು ಪುಟದ ಕನ್ನಡ ಸಾರಾಂಶವೊಂದನ್ನು ಸೇರಿಸತಕ್ಕದ್ದೆಂದು ಸಿಂಡಿಕೇಟು ನಿರ್ಣಯ ಮಾಡಲಿ. ಅದರ ಒಂದು ಪ್ರತಿ ಮಾಹಿತಿ ಕೊಟ್ಟ ಶಾಲೆಗೆ, ಒಂದು ಪ್ರತಿ ಆ ಜಿಲ್ಲೆಯ ಡಯಟ್‌ಗೆ ಹೋಗಲಿ. ಹೋಗಿದೆಯೆಂದು ಮುಖ್ಯೋಪಾಧ್ಯಾಯರ ರುಜು ಬಂದ ಮೇಲೆಯೇ ಮೌಖಿಕ ಪರೀಕ್ಷೆಯ ದಿನ ಗೊತ್ತಾಗಲಿ.